ಹಸಿರಾಗಿ ಹೊಳೆದದ್ದೆಲ್ಲ ಇ-ಕ್ಯಾಡೆರಿನ್ ಅಲ್ಲ

ಒಂದು ಪ್ರೋಟೀನನ್ನು ಗುರುತಿಸಿ ಹಿಡಿಯುವ ಆ್ಯಂಟಿಬಾಡಿಯ ಜೊತೆ ಬರುವ ಹಾಳೆಯಲ್ಲಿ ಒಂದು ಸಾಲು ಇದ್ದೇ ಇರುತ್ತದೆ: ರೂಂ ಟೆಂಪರೇಚರ್‌ನಲ್ಲಿ ಒಂದು ಗಂಟೆ ಇಡಿ. ಯಾವ ರೂಂ ಎಂದು ಆ ಹಾಳೆ ಹೇಳುವುದಿಲ್ಲ. ಅದನ್ನು ಬರೆದವರ ಲೆಕ್ಕದಲ್ಲಿ ರೂಂ ಎಂದರೆ 20ರಿಂದ 25 ಡಿಗ್ರಿ. ಮೇ ತಿಂಗಳಲ್ಲಿ ಹೊರಗೆ 42-43 ಡಿಗ್ರಿ ಬಿಸಿಲು ಕಾಯುವ ಕಲಬುರಗಿಯಲ್ಲಿ, ಎಸಿ ಇಲ್ಲದ ಅಥವಾ ಕರೆಂಟ್ ಹೋಗಿ ಎಸಿ ನಿಂತ ಪ್ರಯೋಗಾಲಯದ ಬೆಂಚಿನ ಮೇಲೆ ಮಧ್ಯಾಹ್ನ ಥರ್ಮಾಮೀಟರ್ ಇಟ್ಟರೆ 35 ಡಿಗ್ರಿ ದಾಟುವುದು ದೊಡ್ಡ ಮಾತಲ್ಲ. ಆ ಬೆಂಚು ಇನ್‌ಕ್ಯುಬೇಟರ್ ಆಗಿಬಿಟ್ಟಿರುತ್ತದೆ. ಅಲ್ಲಿ ಇಟ್ಟ 50 ಮೈಕ್ರೋಲೀಟರ್ ಹನಿಯ ಅಂಚು ಒಣಗುತ್ತದೆ, ಒಣಗಿದ ಕಡೆ ಆ್ಯಂಟಿಬಾಡಿ ಎಲ್ಲದಕ್ಕೂ ಅಂಟಿಕೊಳ್ಳುತ್ತದೆ, ಮೈಕ್ರೋಸ್ಕೋಪ್ ಕೆಳಗೆ ಕವರ್‌ಸ್ಲಿಪ್‌ನ ಸುತ್ತ ಹಸಿರು ಉಂಗುರ ಝಗಝಗಿಸುತ್ತದೆ.

"ಸರ್, ಗ್ರೀನ್ ಛಂದ ಬಂದದ್ರಿ" ಅಂತ ವಿದ್ಯಾರ್ಥಿ ಓಡಿ ಬಂದಾಗ ಗೈಡ್ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: "ಪ್ರೈಮರಿ ಹಾಕಲಾರದ ಸ್ಲೈಡ್ ಎಲ್ಲದ?"

ಪ್ರೈಮರಿ ಎಂದರೆ ನಾವು ಹುಡುಕುವ ಪ್ರೋಟೀನನ್ನು ನೇರವಾಗಿ ಹಿಡಿಯುವ ಆ್ಯಂಟಿಬಾಡಿ. ಈ ಲೇಖನ ಆ ಪ್ರಶ್ನೆಯ ಕುರಿತು. ಕೋಶಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿಯುವ ಇ-ಕ್ಯಾಡೆರಿನ್‌ನಂಥ ಪ್ರೋಟೀನ್‌ಗಳನ್ನು ಹೊಳೆಯುವ ಆ್ಯಂಟಿಬಾಡಿಯಿಂದ ಪತ್ತೆ ಹಚ್ಚುವ ಕೆಲಸ ಇಂದು ದೊಡ್ಡ ಸಂಸ್ಥೆಗಳಿಗಷ್ಟೇ ಸೀಮಿತವಾಗಿಲ್ಲ. 1980ರಲ್ಲಿ ಆರಂಭವಾದ ಗುಲಬರ್ಗಾ ವಿಶ್ವವಿದ್ಯಾಲಯ, 2009ರಲ್ಲಿ ಬಂದ ಕಡಗಂಚಿಯ ಕೇಂದ್ರೀಯ ವಿಶ್ವವಿದ್ಯಾಲಯ, ಬೀದರಿನ ನಂದಿನಗರದ ಪಶುವೈದ್ಯಕೀಯ ವಿಶ್ವವಿದ್ಯಾಲಯ, ವೈದ್ಯಕೀಯ ಕಾಲೇಜುಗಳು ಇರುವ ಈ ಸೀಮೆಯಲ್ಲಿ ಯಾವ ವಿದ್ಯಾರ್ಥಿಯಾದರೂ ಕೈಗೆತ್ತಿಕೊಳ್ಳಬಹುದಾದ ವಿಷಯ ಇದು. ಆದರೆ ಆ್ಯಂಟಿಬಾಡಿ ತರಿಸುವುದು ಕೆಲಸದ ಅರ್ಧವೂ ಅಲ್ಲ. ಕಂಡ ಬೆಳಕು ನೀವು ಹುಡುಕುತ್ತಿದ್ದ ಪ್ರೋಟೀನಿನದೇ ಎಂದು ತೋರಿಸುವುದೇ ನಿಜವಾದ ಕೆಲಸ.

ಫರ್ಸಿ ಕಲ್ಲಿನ ಸಂದು

ಶಹಾಬಾದ್ ಫರ್ಸಿ ಹಾಸಿದ ನೆಲವನ್ನು ಮೇಲಿನಿಂದ ನೋಡಿ. ಕಲ್ಲು ಕಲ್ಲಿನ ನಡುವೆ ಸಂದು ತುಂಬಿದ ಗೆರೆ ಕಾಣುತ್ತದೆ. ಬಾಯಿಯ ಒಳಪದರ, ಕರುಳಿನ ಒಳಪದರ, ಸ್ತನದ ಹಾಲಿನ ನಾಳ ಇಂಥ ಕಡೆ ಕೋಶಗಳು ಫರ್ಸಿಯಂತೆ ಜೋಡಿಸಿಕೊಂಡಿರುತ್ತವೆ, ಅವುಗಳ ಸಂದಿನಲ್ಲಿ ಇ-ಕ್ಯಾಡೆರಿನ್ ಇರುತ್ತದೆ. ಸರಿಯಾಗಿ ಸ್ಟೈನ್ ಆದರೆ ಕಾಣಬೇಕಾದದ್ದು ಆ ಸಂದಿನ ಗೆರೆ ಮಾತ್ರ. ಕೋಶದ ಹೊಟ್ಟೆ ಕಪ್ಪಾಗಿರಬೇಕು, ನ್ಯೂಕ್ಲಿಯಸ್ ಖಾಲಿ ಇರಬೇಕು, ಪಕ್ಕದಲ್ಲಿ ನೆರೆಕೋಶವಿಲ್ಲದ ಬಯಲು ಅಂಚಿನಲ್ಲಿ ಗೆರೆ ಮಸುಕಾಗಬೇಕು ಅಥವಾ ಇರಲೇಬಾರದು.

ಈ ಪ್ರೋಟೀನಿನ ಹೊರಭಾಗದಲ್ಲಿ ಐದು ತುಂಡುಗಳಿವೆ. ತುಂಡು ತುಂಡಿನ ನಡುವೆ ಕ್ಯಾಲ್ಸಿಯಂ ಕೂತು ಅದನ್ನು ಸೆಟೆದು ನಿಲ್ಲಿಸುತ್ತದೆ. ಕ್ಯಾಲ್ಸಿಯಂ ತೆಗೆದರೆ ಅದು ಜೋತು ಬೀಳುತ್ತದೆ, ಹಿಡಿತ ಬಿಡುತ್ತದೆ, ಪ್ರೋಟೀನ್ ಕತ್ತರಿಸುವ ಟ್ರಿಪ್ಸಿನ್‌ಗೆ ಸುಲಭದ ತುತ್ತಾಗುತ್ತದೆ. ಕ್ಯಾಲ್ಸಿಯಂ ಇದ್ದರೆ ಅದೇ ಟ್ರಿಪ್ಸಿನ್‌ನಿಂದ ಉಳಿದುಕೊಳ್ಳುತ್ತದೆ. 1970ರ ದಶಕದಲ್ಲಿ ಕ್ಯೋಟೋದಲ್ಲಿ ಮಸಾತೋಶಿ ತಾಕೇಯಿಚಿ ಈ ವ್ಯತ್ಯಾಸವನ್ನು ಬೆನ್ನಟ್ಟಿ ಹೋದದ್ದರಿಂದಲೇ ಕ್ಯಾಡೆರಿನ್ ಕುಟುಂಬ ಪತ್ತೆಯಾಯಿತು. ಇಂದಿಗೂ ಬೆಂಚಿನ ಮೇಲೆ ಆಗುವ ಎಷ್ಟೋ ಎಡವಟ್ಟುಗಳ ಬೇರು ಈ ಕ್ಯಾಲ್ಸಿಯಂನಲ್ಲೇ ಇದೆ.

ಇನ್ನೊಂದು ದೊಡ್ಡ ಕುಟುಂಬ ಇಂಟೆಗ್ರಿನ್‌ಗಳದು. ಆಲ್ಫಾ 18, ಬೀಟಾ 8, ಅವು ಸೇರಿ ಮನುಷ್ಯರಲ್ಲಿ 24 ಜೋಡಿ. ಇವು ಕೋಶವನ್ನು ಅದರ ಕೆಳಗಿನ ಪದರಕ್ಕೆ ಹಿಡಿಸುತ್ತವೆ, ರಕ್ತದ ಬಿಳಿಕಣ ರಕ್ತನಾಳದ ಗೋಡೆಯನ್ನು ಗಟ್ಟಿಯಾಗಿ ಹಿಡಿಯುವುದೂ ಇವುಗಳಿಂದಲೇ. ಸೆಲೆಕ್ಟಿನ್‌ಗಳು ಆ ಬಿಳಿಕಣವನ್ನು ಮೊದಲು ತಡೆದು ಉರುಳಿಸುತ್ತವೆ. ಇಲ್ಲಿ ಹೆಚ್ಚಾಗಿ ಇ-ಕ್ಯಾಡೆರಿನ್ ಮತ್ತು ಬೀಟಾ-2 ಇಂಟೆಗ್ರಿನ್, ಅಂದರೆ ಸಿಡಿ18, ಇವೆರಡನ್ನೇ ಹಿಡಿದುಕೊಳ್ಳೋಣ. ತಂಬಾಕು, ಗುಟ್ಕಾ ಅಗಿಯುವುದು ಮನೆಮನೆಯ ಮಾತಾಗಿರುವ ಕಡೆ ಬಾಯಿ ಕ್ಯಾನ್ಸರ್‌ನಲ್ಲಿ ಮೊದಲನೆಯದರ ಪಾತ್ರವಿದೆ. ಎರಡನೆಯದರ ಕೊರತೆ ಮಕ್ಕಳಲ್ಲೂ ಆಕಳ ಕರುಗಳಲ್ಲೂ ಒಂದೇ ಬಗೆಯ ಕಾಯಿಲೆ ತರುತ್ತದೆ.

ಪೊರೆಯ ಒಳಗೋ ಹೊರಗೋ

ಆ್ಯಂಟಿಬಾಡಿಗೆ ಹೊಳೆಯುವ ಬಣ್ಣ ಕಟ್ಟುವ ಉಪಾಯವನ್ನು ಆಲ್ಬರ್ಟ್ ಕೂನ್ಸ್ 1941ರಲ್ಲಿ ತೋರಿಸಿದರು. ತತ್ವ ಇಂದೂ ಅದೇ. ಬಣ್ಣವನ್ನು ನೇರವಾಗಿ ಪ್ರೈಮರಿಗೇ ಕಟ್ಟಿದರೆ ಡೈರೆಕ್ಟ್. ಪ್ರೈಮರಿಯನ್ನು ಹಿಡಿಯುವ ಸೆಕೆಂಡರಿಗೆ ಕಟ್ಟಿದರೆ ಇನ್‌ಡೈರೆಕ್ಟ್. ಒಂದು ಪ್ರೈಮರಿಯ ಮೇಲೆ ಹಲವು ಸೆಕೆಂಡರಿ ಕೂರುವುದರಿಂದ ಎರಡನೆಯದರಲ್ಲಿ ಬೆಳಕು ಹೆಚ್ಚು. ಹೆಚ್ಚಾಗುವುದು ಬೆಳಕು ಮಾತ್ರವಲ್ಲ, ತಪ್ಪೂ ಹೆಚ್ಚುತ್ತದೆ.

ಕ್ಯಾಟಲಾಗ್‌ನಲ್ಲಿ "ಇ-ಕ್ಯಾಡೆರಿನ್ ಆ್ಯಂಟಿಬಾಡಿ" ಎಂದು ಹುಡುಕಿದರೆ ನೂರಾರು ಸಿಗುತ್ತವೆ. ನೋಡಬೇಕಾದದ್ದು ಕ್ಲೋನ್ (ಒಂದೇ ಕೋಶದ ಸಂತತಿ ತಯಾರಿಸುವ ಒಂದೇ ಬಗೆಯ ಆ್ಯಂಟಿಬಾಡಿ) ಸಂಖ್ಯೆ, ಮತ್ತು ಆ ಕ್ಲೋನ್ ಪ್ರೋಟೀನಿನ ಯಾವ ತುದಿಯನ್ನು ಹಿಡಿಯುತ್ತದೆ ಎಂಬುದು. ಎಚ್‌ಇಸಿಡಿ-1 ಮತ್ತು 67ಎ4 ಮನುಷ್ಯರ ಇ-ಕ್ಯಾಡೆರಿನ್‌ನ ಹೊರಭಾಗವನ್ನು ಹಿಡಿಯುತ್ತವೆ. 24ಇ10 ಮತ್ತು ಬರೀ "36" ಎಂದು ಕರೆಯುವ ಕ್ಲೋನ್ ಒಳಬಾಲವನ್ನು ಹಿಡಿಯುತ್ತವೆ. ಜೀವಂತ ಕೋಶವನ್ನು, ಕೋಶಗಳನ್ನು ಒಂದೊಂದಾಗಿ ಹರಿಸಿ ಅವುಗಳ ಬೆಳಕು ಅಳೆಯುವ ಫ್ಲೋ ಸೈಟೋಮೀಟರ್‌ಗೆ ಹಾಕುವಾಗ ಒಳಬಾಲದ ಕ್ಲೋನ್ ಬಳಸಿದರೆ ಆ್ಯಂಟಿಬಾಡಿಗೆ ಪೊರೆ ದಾಟಲಾಗುವುದಿಲ್ಲ, ಸತ್ತ ಕೋಶಗಳಷ್ಟೇ ಹೊಳೆಯುತ್ತವೆ. ಆಗ "ನಮ್ಮ ಕೋಶದಲ್ಲಿ ಇ-ಕ್ಯಾಡೆರಿನ್ ಶೇಕಡಾ 6 ಮಾತ್ರ" ಎಂದು ಪ್ರಬಂಧ ಬರೆದರೆ, ಆ 6 ಸತ್ತ ಕೋಶಗಳ ಲೆಕ್ಕ.

ಇದಕ್ಕೆ ತಿರುಗುಮುರುಗಾದ ತಪ್ಪೂ ಇದೆ. ಫ್ಲೋಗೆ ಕೋಶ ಬಿಡಿಸಲು ದಿನನಿತ್ಯದ ರೂಢಿಯಂತೆ 0.25 ಶೇಕಡಾ ಟ್ರಿಪ್ಸಿನ್-ಇಡಿಟಿಎ ಹಾಕುತ್ತಾರೆ. ಇಡಿಟಿಎ ಕ್ಯಾಲ್ಸಿಯಂ ಕಸಿಯುತ್ತದೆ, ಟ್ರಿಪ್ಸಿನ್ ಹೊರಭಾಗವನ್ನು ಕತ್ತರಿಸಿ ಹಾಕುತ್ತದೆ. ಈಗ ಹೊರಭಾಗದ ಕ್ಲೋನ್ ಎಷ್ಟೇ ಒಳ್ಳೆಯದಿದ್ದರೂ ಹಿಡಿಯಲು ಏನೂ ಉಳಿದಿರುವುದಿಲ್ಲ. ಟ್ರಿಪ್ಸಿನ್ ಬಿಟ್ಟು ಬರೀ ಇಡಿಟಿಎ, 2ರಿಂದ 5 ಮಿಲಿಮೋಲಾರ್, 37 ಡಿಗ್ರಿಯಲ್ಲಿ 10-15 ನಿಮಿಷ ಇಟ್ಟು ಪಿಪೆಟ್‌ನಿಂದ ನಿಧಾನ ಬಿಡಿಸಬೇಕು. ನಂತರ ತೊಳೆಯುವ ಬಫರ್‌ನಲ್ಲಿ ಕ್ಯಾಲ್ಸಿಯಂ ವಾಪಸ್ ಕೊಡಬೇಕು, ಏಕೆಂದರೆ ಕೆಲವು ಕ್ಲೋನ್‌ಗಳು ಕ್ಯಾಲ್ಸಿಯಂ ಇದ್ದಾಗಿನ ಆಕಾರವನ್ನೇ ಗುರುತಿಸುತ್ತವೆ. ಕೊಟ್ಟಾಗ ಕೋಶಗಳು ಮತ್ತೆ ಮುದ್ದೆಗಟ್ಟಲು ನೋಡುತ್ತವೆ. ಐಸ್ ಮೇಲೆ ಕೆಲಸ ಮಾಡಿದರೆ, ಯಂತ್ರಕ್ಕೆ ಹಾಕುವ ಮೊದಲು 40 ಮೈಕ್ರಾನ್ ಜಾಲರಿಯಲ್ಲಿ ಸೋಸಿದರೆ ನಿಭಾಯಿಸಬಹುದು.

ಬೆಂಚಿನ ಮೇಲೆ

ಕವರ್‌ಸ್ಲಿಪ್‌ನಿಂದ ಶುರು ಮಾಡೋಣ. ಆಯಿಲ್ ಲೆನ್ಸ್ ತಯಾರಿಸಿರುವುದು 0.17 ಮಿಲಿಮೀಟರ್ ದಪ್ಪಕ್ಕೆ, ಅಂದರೆ ನಂಬರ್ 1.5. ಅಗ್ಗದ ನಂಬರ್ 1 ತೆಳ್ಳಗಿರುತ್ತದೆ, ಗೆರೆ ಮಸುಕಾಗುತ್ತದೆ. 18 ಮಿಲಿಮೀಟರ್ ದುಂಡನೆಯ ಕವರ್‌ಸ್ಲಿಪ್ 12 ಗುಳಿಯ ಪ್ಲೇಟಿನಲ್ಲಿ ಹಿಡಿಯುತ್ತದೆ. ಕೋಶಗಳು ಶೇಕಡಾ 70-80 ತುಂಬುವ ತನಕ ಕಾಯಬೇಕು. ಅಲ್ಲೊಂದು ಇಲ್ಲೊಂದು ಕೋಶವಿದ್ದಾಗ ಸಂದೇ ಇರುವುದಿಲ್ಲ. ಸಂದಿಲ್ಲದ ಕಡೆ ಸಂದಿನ ಪ್ರೋಟೀನ್ ಹುಡುಕಿ, ಸಿಗಲಿಲ್ಲವೆಂದು ಆ್ಯಂಟಿಬಾಡಿಯನ್ನು ದೂರುವುದು ಸರಿಯಲ್ಲ.

ತೊಳೆಯುವ ಪಿಬಿಎಸ್‌ನಲ್ಲಿ (ಫಾಸ್ಫೇಟ್ ಬೆರೆತ ಉಪ್ಪಿನ ದ್ರಾವಣ) ಕ್ಯಾಲ್ಸಿಯಂ 0.9, ಮೆಗ್ನೀಷಿಯಂ 0.5 ಮಿಲಿಮೋಲಾರ್ ಇರಲಿ. ಮಾಮೂಲಿ ಪಿಬಿಎಸ್‌ನಲ್ಲಿ ಇವೆರಡೂ ಇರುವುದಿಲ್ಲ. ಫಿಕ್ಸ್ ಮಾಡುವ, ಅಂದರೆ ಕೋಶವನ್ನು ಇದ್ದ ಹಾಗೆಯೇ ಗಟ್ಟಿಗೊಳಿಸುವ ಮೊದಲೇ ಅದರಲ್ಲಿ ಹತ್ತು ನಿಮಿಷ ಬಿಟ್ಟರೆ ಸಂದು ಸಡಿಲವಾಗಲು ಶುರುವಾಗಿರುತ್ತದೆ. ಕ್ಯಾಲ್ಸಿಯಂ ಮತ್ತು ಫಾಸ್ಫೇಟ್ ಒಟ್ಟಿಗೆ ಆಟೋಕ್ಲೇವ್ ಮಾಡಿದರೆ ಬಿಳಿ ಗಸಿ ಬೀಳುತ್ತದೆ. ಆದ್ದರಿಂದ ಕ್ಯಾಲ್ಸಿಯಂ ದ್ರಾವಣವನ್ನು ಬೇರೆಯಾಗಿ ಇಟ್ಟುಕೊಂಡು ಕೊನೆಗೆ, ಕಲಕುತ್ತ ಸೇರಿಸಬೇಕು.

ಫಿಕ್ಸ್ ಮಾಡಲು 4 ಶೇಕಡಾ ಪ್ಯಾರಾಫಾರ್ಮಾಲ್ಡಿಹೈಡ್, 10ರಿಂದ 15 ನಿಮಿಷ. ಪುಡಿಯಿಂದ ಮಾಡುವವರು ಫ್ಯೂಮ್ ಹುಡ್ ಒಳಗೆ 60 ಡಿಗ್ರಿಗೆ ಕಾಯಿಸಿ, ಸೋಡಿಯಂ ಹೈಡ್ರಾಕ್ಸೈಡ್ ಎರಡು ಮೂರು ಹನಿ ಹಾಕಿ ಕರಗಿಸಿ, ಪಿಎಚ್ 7.4ಕ್ಕೆ ತಂದು, ಸೋಸಿ, ಸಣ್ಣ ಟ್ಯೂಬ್‌ಗಳಲ್ಲಿ ಫ್ರೀಜರ್‌ಗೆ ಹಾಕಬೇಕು. ಶವಾಗಾರದ ಡಬ್ಬಿಯ ಫಾರ್ಮಲಿನ್ ಇದಕ್ಕೆ ಬದಲಿಯಲ್ಲ. ಅದರಲ್ಲಿ ಶೇಕಡಾ 10-15 ಮೆಥನಾಲ್ ಇರುತ್ತದೆ, ಮೆಥನಾಲ್ ಪೊರೆಯನ್ನು ತೂತು ಮಾಡುತ್ತದೆ. ಹೊರಭಾಗ ಮಾತ್ರ ನೋಡುತ್ತೇನೆ ಎಂದುಕೊಂಡವರು ಗೊತ್ತಿಲ್ಲದೆ ಒಳಗೂ ನೋಡಿರುತ್ತಾರೆ. ಮೈನಸ್ 20ರ ಶುದ್ಧ ಮೆಥನಾಲ್‌ನಲ್ಲಿ 5 ನಿಮಿಷ ಫಿಕ್ಸ್ ಮಾಡುವುದು ಬೇರೆಯೇ ವಿಧಾನ. ಹಲವು ಇ-ಕ್ಯಾಡೆರಿನ್ ಕ್ಲೋನ್‌ಗಳಿಗೆ ಅದು ಗೆರೆಯನ್ನು ಚೊಕ್ಕವಾಗಿ ಕೊಡುತ್ತದೆ. ಆದರೆ ಪಿಇ, ಎಪಿಸಿ ಬಣ್ಣಗಳು ಸ್ವತಃ ಪ್ರೋಟೀನ್‌ಗಳಾದ್ದರಿಂದ ಮೆಥನಾಲ್ ತಗುಲಿದರೆ ಸಾಯುತ್ತವೆ.

ಫಿಕ್ಸ್ ಆದ ಮೇಲೆ ಉಳಿದ ಆಲ್ಡಿಹೈಡ್ ಆ್ಯಂಟಿಬಾಡಿಯನ್ನೇ ಹಿಡಿದುಕೊಳ್ಳುತ್ತದೆ. 100 ಮಿಲಿಮೋಲಾರ್ ಗ್ಲೈಸಿನ್ ಅಥವಾ 50 ಮಿಲಿಮೋಲಾರ್ ಅಮೋನಿಯಂ ಕ್ಲೋರೈಡ್ 10 ನಿಮಿಷ ಹಾಕಿದರೆ ಅದು ಬಾಯಿ ಮುಚ್ಚುತ್ತದೆ. ಒಳಬಾಲದ ಕ್ಲೋನ್ ಆದರೆ ಪೊರೆ ತೂತು ಮಾಡುವ ಟ್ರೈಟಾನ್ 0.1 ಶೇಕಡಾ, 10 ನಿಮಿಷ. ಹೊರಭಾಗದ ಕ್ಲೋನ್ ಆದರೆ ಟ್ರೈಟಾನ್ ಬೇಡ. ಆ್ಯಂಟಿಬಾಡಿ ಸುಮ್ಮನೆ ಅಂಟುವ ಜಾಗಗಳನ್ನು ಮುಚ್ಚಲು, ಅಂದರೆ ಬ್ಲಾಕ್ ಮಾಡಲು, 2 ಶೇಕಡಾ ಬಿಎಸ್‌ಎ (ಆಕಳ ರಕ್ತದ ಪ್ರೋಟೀನ್) ಅಥವಾ, ಸೆಕೆಂಡರಿ ಆಡಿನಲ್ಲಿ ಮಾಡಿದ್ದಾದರೆ, 5ರಿಂದ 10 ಶೇಕಡಾ ಆಡಿನ ಸೀರಂ, ಅರ್ಧ ಗಂಟೆಯಿಂದ ಒಂದು ಗಂಟೆ.

ಇನ್ನು ಪ್ರೈಮರಿ. ಇಲ್ಲಿ ದುಡ್ಡಿನ ಲೆಕ್ಕವೂ ಬರುತ್ತದೆ. 100 ಮೈಕ್ರೋಲೀಟರ್‌ನ ಒಂದು ಸೀಸೆಗೆ ಹತ್ತಾರು ಸಾವಿರ ರೂಪಾಯಿ. 1:200 ಪ್ರಮಾಣದಲ್ಲಿ ಗುಳಿಗೆ 300 ಮೈಕ್ರೋಲೀಟರ್ ಸುರಿದರೆ ಒಂದು ಕವರ್‌ಸ್ಲಿಪ್‌ಗೆ 1.5 ಮೈಕ್ರೋಲೀಟರ್ ಖರ್ಚು, ಸೀಸೆ 66 ಕವರ್‌ಸ್ಲಿಪ್‌ಗೆ ಮುಗಿಯುತ್ತದೆ. ಅದರ ಬದಲು ಪ್ಯಾರಾಫಿಲ್ಮ್ ಹಾಸಿ, ಅದರ ಮೇಲೆ 50 ಮೈಕ್ರೋಲೀಟರ್ ಹನಿ ಇಟ್ಟು, ಕವರ್‌ಸ್ಲಿಪ್ಪನ್ನು ಕೋಶದ ಕಡೆ ಕೆಳಗಾಗಿ ಅದರ ಮೇಲೆ ಮಲಗಿಸಿದರೆ ಒಂದಕ್ಕೆ 0.25 ಮೈಕ್ರೋಲೀಟರ್ ಸಾಕು. ಅದೇ ಸೀಸೆ 400 ಕವರ್‌ಸ್ಲಿಪ್‌ಗೆ ಬರುತ್ತದೆ. 0.25 ಮೈಕ್ರೋಲೀಟರ್ ಮಾಮೂಲಿ ಪಿಪೆಟ್ ಸರಿಯಾಗಿ ಎತ್ತುವುದಿಲ್ಲ, ಹಾಗಾಗಿ ಹತ್ತು ಕವರ್‌ಸ್ಲಿಪ್‌ಗೆ ಒಟ್ಟಿಗೆ 550 ಮೈಕ್ರೋಲೀಟರ್ ಕಲಸಿಕೊಳ್ಳಿ, ಅದಕ್ಕೆ 2.75 ಮೈಕ್ರೋಲೀಟರ್ ಪ್ರೈಮರಿ. ಕಲಸುವ ಮೊದಲು ಸೀಸೆಯನ್ನು 10,000 ಜಿ ವೇಗದಲ್ಲಿ 5 ನಿಮಿಷ ಸುತ್ತಿಸಿ ಮೇಲಿನದನ್ನಷ್ಟೇ ತೆಗೆಯಬೇಕು. ಸ್ಲೈಡ್ ತುಂಬ ಚುಕ್ಕೆ ಚುಕ್ಕೆ ಹೊಳೆಯುತ್ತಿದ್ದರೆ ಮೊದಲ ಅನುಮಾನ ತಳದಲ್ಲಿ ಗಂಟುಗಟ್ಟಿದ ಆ್ಯಂಟಿಬಾಡಿಯ ಮೇಲೆ ಬರಬೇಕು.

ಹನಿಯ ವಿಧಾನಕ್ಕೆ ಕಲಬುರಗಿಯ ಬೇಸಿಗೆ ದೊಡ್ಡ ಶತ್ರು. ಊಟದ ಡಬ್ಬಿಯಂಥ ಮುಚ್ಚಳ ಬಿಗಿಯಾದ ಪ್ಲಾಸ್ಟಿಕ್ ಡಬ್ಬಿ ತಗೊಂಡು, ನಾಲ್ಕೂ ಬದಿಗೆ ಒದ್ದೆ ಟಿಶ್ಯೂ ಇಟ್ಟು, ನಡುವೆ ಪ್ಯಾರಾಫಿಲ್ಮ್ ಹಾಸಿ, ಕವರ್‌ಸ್ಲಿಪ್ ಮಲಗಿಸಿ, ಮುಚ್ಚಿ, ರಾತ್ರಿಯಿಡೀ 4 ಡಿಗ್ರಿಯ ಫ್ರಿಜ್‌ನಲ್ಲಿ ಇಡುವುದೇ ಈ ಊರಿಗೆ ಒಪ್ಪುವ ಪದ್ಧತಿ. ಒಂದು ಗಂಟೆಯ "ರೂಂ ಟೆಂಪರೇಚರ್" ಅಕ್ಟೋಬರ್‌ನಿಂದ ಫೆಬ್ರವರಿ ತನಕ ನಡೆಯುತ್ತದೆ. ಮಾರ್ಚ್‌ನಿಂದ ಜೂನ್ ತನಕ ಅದನ್ನು ಪ್ರೋಟೋಕಾಲ್‌ನಿಂದ ಹೊಡೆದು ಹಾಕಿ. ಜೀವಂತ ಕೋಶದ ಮೇಲ್ಮೈ ಸ್ಟೈನ್ ಮಾಡುವಾಗಲಂತೂ ಐಸ್ ಬಿಟ್ಟು ಮಾಡಲೇಬಾರದು. 37 ಡಿಗ್ರಿ ಹತ್ತಿರ ಆ್ಯಂಟಿಬಾಡಿ ಪ್ರೋಟೀನ್‌ಗಳನ್ನು ಒಟ್ಟುಗೂಡಿಸುತ್ತದೆ, ಕೋಶ ಆ ಗುಂಪನ್ನು ಒಳಗೆ ನುಂಗುತ್ತದೆ, ಮೇಲ್ಮೈ ಪ್ರೋಟೀನ್ ಹೊಟ್ಟೆಯಲ್ಲಿ ಚುಕ್ಕೆಗಳಾಗಿ ಕಾಣುತ್ತದೆ.

ಪಿಬಿಎಸ್‌ನಲ್ಲಿ ಐದೈದು ನಿಮಿಷ ಮೂರು ಸಲ ತೊಳೆದು ಸೆಕೆಂಡರಿ 1:500, ಒಂದು ಗಂಟೆ, ಕತ್ತಲಲ್ಲಿ. ನ್ಯೂಕ್ಲಿಯಸ್‌ಗೆ ಡ್ಯಾಪಿ ಮಿಲಿಲೀಟರ್‌ಗೆ 0.5 ಮೈಕ್ರೋಗ್ರಾಂ, 5 ನಿಮಿಷ. ಮೌಂಟ್ ಮಾಡಿ, ಅಂಚಿಗೆ ನೈಲ್ ಪಾಲಿಶ್. ಎಫ್‌ಐಟಿಸಿ ಎಂಬ ಹಸಿರು ಬಣ್ಣ ಬಳಸುವವರು ಮೌಂಟ್ ಮಾಡುವ ದ್ರವದ ಪಿಎಚ್ 8ರ ಮೇಲಿದೆಯೇ ನೋಡಿ. ಆಮ್ಲದ ಕಡೆ ವಾಲಿದರೆ ಅದರ ಬೆಳಕು ಕುಂದುತ್ತದೆ. ಅಲೆಕ್ಸಾ 488 ಬಣ್ಣ ಅದೇ 495 ನ್ಯಾನೋಮೀಟರ್‌ನಲ್ಲಿ ಬೆಳಕು ಹೀರಿ 519ರಲ್ಲಿ ಹೊಳೆದರೂ ಪಿಎಚ್‌ಗೆ ಅಷ್ಟು ಅಳುಕುವುದಿಲ್ಲ, ಬೇಗ ಮಾಸುವುದೂ ಇಲ್ಲ.

ಸಾಕ್ಷಿ ಯಾವುದು

ಕಂಟ್ರೋಲ್, ಅಂದರೆ ಹೋಲಿಕೆಗೆಂದು ಇಡುವ ಸ್ಲೈಡ್, ಪ್ರಯೋಗ ಮುಗಿದ ಮೇಲೆ ಆ್ಯಂಟಿಬಾಡಿ ಉಳಿದರೆ ಮಾಡುವ ಕೆಲಸ ಎಂಬ ಭಾವನೆ ಎಷ್ಟೋ ಕಡೆ ಬೇರೂರಿದೆ. ದುಡ್ಡು ಕಡಿಮೆ ಇರುವ ಕಡೆ ಮೊದಲು ಕಂಟ್ರೋಲ್‌ಗೇ ಕತ್ತರಿ ಬೀಳುತ್ತದೆ. ಇದು ತಲೆಕೆಳಗಾದ ಲೆಕ್ಕ. ಕಂಟ್ರೋಲ್ ಇಲ್ಲದ ಇಪ್ಪತ್ತು ಸ್ಲೈಡ್‌ಗಿಂತ ಕಂಟ್ರೋಲ್ ಇರುವ ಎಂಟು ಸ್ಲೈಡ್ ಹೆಚ್ಚು ಹೇಳುತ್ತವೆ.

ಪ್ರೈಮರಿ ಹಾಕದ ಸ್ಲೈಡ್ ಸೆಕೆಂಡರಿಯ ತಪ್ಪನ್ನು ತೋರಿಸುತ್ತದೆ. ಅದೇ ಪ್ರಾಣಿಯ, ಅದೇ ವರ್ಗದ, ಏನನ್ನೂ ಹಿಡಿಯದ ಐಸೋಟೈಪ್ ಆ್ಯಂಟಿಬಾಡಿಯ ಸ್ಲೈಡ್, ಸುಮ್ಮನೆ ಅಂಟಿದ್ದು ಎಷ್ಟು ಎಂದು ತೋರಿಸುತ್ತದೆ. ಆದರೆ ಪ್ರೈಮರಿಯೇ ತಪ್ಪು ಪ್ರೋಟೀನ್ ಹಿಡಿಯುತ್ತಿದ್ದರೆ ಇವೆರಡೂ ಹೇಳುವುದಿಲ್ಲ. ಅದಕ್ಕೆ ಆ ಪ್ರೋಟೀನ್ ಇರುವ ಮತ್ತು ಇಲ್ಲದ ಕೋಶಗಳು ಬೇಕು. ಇ-ಕ್ಯಾಡೆರಿನ್‌ಗೆ ಇಂಥ ಜೋಡಿ ಸುಲಭವಾಗಿ ಸಿಗುತ್ತದೆ: ಎಂಸಿಎಫ್-7 ಸ್ತನ ಕ್ಯಾನ್ಸರ್ ಕೋಶದಲ್ಲಿ ಅದು ಧಾರಾಳವಾಗಿದೆ, ಎಂಡಿಎ-ಎಂಬಿ-231ರಲ್ಲಿ ಅದರ ಜೀನ್‌ಗೆ ಮೀಥೈಲ್ ಬೀಗ ಬಿದ್ದು ಪ್ರೋಟೀನ್ ಇಲ್ಲ. ಪುಣೆಯ ರಾಷ್ಟ್ರೀಯ ಕೋಶ ವಿಜ್ಞಾನ ಕೇಂದ್ರ ಇಂಥ ಕೋಶಗಳನ್ನು ಸಂಶೋಧಕರಿಗೆ ಒದಗಿಸುತ್ತದೆ, ಕಲಬುರಗಿಯಿಂದ ಅದೊಂದು ರಾತ್ರಿಯ ರೈಲು ಪ್ರಯಾಣ. ಎರಡೂ ಕೋಶಗಳನ್ನು ಒಂದೇ ದಿನ, ಒಂದೇ ಟ್ಯೂಬಿನ ಆ್ಯಂಟಿಬಾಡಿಯಿಂದ ಸ್ಟೈನ್ ಮಾಡಬೇಕು. 231ರಲ್ಲೂ ಗೆರೆ ಕಂಡರೆ ನಿಮ್ಮ ಸೀಸೆಯಲ್ಲಿರುವುದನ್ನು ನಂಬಬೇಡಿ.

ದುಡ್ಡಿಲ್ಲದೆ ಮಾಡಬಹುದಾದ ಇನ್ನೊಂದು ಪರೀಕ್ಷೆ ಕ್ಯಾಲ್ಸಿಯಂ ಕಸಿಯುವುದು. ಎಂಸಿಎಫ್-7ಗೆ 4 ಮಿಲಿಮೋಲಾರ್ ಇಜಿಟಿಎ ಅರ್ಧ ಗಂಟೆ ಕೊಟ್ಟರೆ ಸಂದಿನ ಗೆರೆ ಒಡೆಯುತ್ತದೆ, ಕೋಶ ದುಂಡಗಾಗುತ್ತದೆ. ಮಾಮೂಲಿ ಮೀಡಿಯಂ ವಾಪಸ್ ಕೊಟ್ಟರೆ ಕೆಲವು ಗಂಟೆಗಳಲ್ಲಿ ಗೆರೆ ಮರಳುತ್ತದೆ. ಕಂಡ ಬೆಳಕು ಕ್ಯಾಲ್ಸಿಯಂ ಮಾತು ಕೇಳುತ್ತದೆ ಎಂದಾದರೆ ಅದೊಂದು ಒಳ್ಳೆಯ ಸೂಚನೆ. ಪೂರ್ತಿ ಸಾಕ್ಷಿಯಲ್ಲ, ಏಕೆಂದರೆ ಸಂದಿಗೆ ಜೋತುಕೊಂಡಿರುವ ಬೀಟಾ-ಕ್ಯಾಟೆನಿನ್ ಕೂಡ ಜೊತೆಯಲ್ಲೇ ಜಾಗ ಬಿಡುತ್ತದೆ.

ಇಷ್ಟೆಲ್ಲ ಮಾಡಿ ಕ್ಯಾಮೆರಾದಲ್ಲಿ ಕೆಡಿಸಿಕೊಳ್ಳುವವರೂ ಇದ್ದಾರೆ. ಆಟೋ ಎಕ್ಸ್‌ಪೋಷರ್ ಬಿಟ್ಟರೆ ಖಾಲಿ ಸ್ಲೈಡನ್ನೂ ಕ್ಯಾಮೆರಾ ಎರಡು ಸೆಕೆಂಡ್ ತೆರೆದು ಹಸಿರು ಮಾಡಿಕೊಡುತ್ತದೆ. ಅತಿ ಹೆಚ್ಚು ಹೊಳೆಯುವ ಸ್ಲೈಡಿನ ಮೇಲೆ, ಯಾವ ಪಿಕ್ಸೆಲ್ಲೂ ತುಂಬಿ ಬಿಳಿಯಾಗದಂತೆ ಸಮಯ ನಿಗದಿ ಮಾಡಿ, ಆಮೇಲೆ ಎಲ್ಲ ಸ್ಲೈಡಿಗೂ ಅದೇ ಸಮಯ. ಮಧ್ಯೆ ಗುಂಡಿ ಮುಟ್ಟಬಾರದು.

ಈ ಕಟ್ಟುನಿಟ್ಟು ಅತಿಯಾಯಿತೇನೋ ಅನ್ನಿಸುವವರಿಗೆ ಒಂದು ಅಂಕಿ. 65 ಪ್ರೋಟೀನ್‌ಗಳಿಗೆಂದು ಮಾರಾಟವಾಗುವ 614 ಆ್ಯಂಟಿಬಾಡಿಗಳನ್ನು, ಜೀನ್ ತೆಗೆದು ಆ ಪ್ರೋಟೀನ್ ಇಲ್ಲದಂತೆ ಮಾಡಿದ ಕೋಶಗಳ ಪಕ್ಕದಲ್ಲಿಟ್ಟು ನೋಡಿದ ಪರೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಹೇಳಿದ ಕೆಲಸ ಮಾಡದವು ಅದರಲ್ಲಿ ಬೇಕಾದಷ್ಟು ಸಿಕ್ಕವು. ಪ್ರಾಣಿಯ ಸೀರಂನಿಂದ ತೆಗೆದ ಪಾಲಿಕ್ಲೋನಲ್‌ಗಳಿಗಿಂತ, ಜೀನ್ ಸರಣಿ ಗೊತ್ತಿದ್ದು ಕೋಶದಲ್ಲಿ ತಯಾರಾಗುವ ರಿಕಾಂಬಿನೆಂಟ್ ಆ್ಯಂಟಿಬಾಡಿಗಳು ಸರಾಸರಿಯಲ್ಲಿ ಮುಂದಿದ್ದವು. ಪಾಲಿಕ್ಲೋನಲ್‌ನ ಇನ್ನೊಂದು ತೊಂದರೆ, ಆ ಮೊಲ ಸತ್ತರೆ ಅದೇ ಸೀರಂ ಮತ್ತೆ ಸಿಗದು. ಹೊಸ ಲಾಟ್ ಎಂದರೆ ಹೊಸ ಆ್ಯಂಟಿಬಾಡಿಯೇ. ಮೂರು ವರ್ಷದ ಪಿಎಚ್‌ಡಿಯ ನಡುವೆ ಲಾಟ್ ಬದಲಾದರೆ ಮೊದಲ ವರ್ಷದ ಚಿತ್ರ ಮೂರನೇ ವರ್ಷದ ಚಿತ್ರದ ಜೊತೆ ಹೋಲಿಕೆಗೆ ನಿಲ್ಲುವುದಿಲ್ಲ. ಬೆಲೆ ತುಸು ಹೆಚ್ಚಾದರೂ ರಿಕಾಂಬಿನೆಂಟ್ ತಗೊಳ್ಳಿ ಎಂಬುದು ನಮ್ಮ ಖಚಿತ ಸಲಹೆ.

ಬಾಯಿಯ ಗಡ್ಡೆ, ಮಗುವಿನ ರಕ್ತ, ಆಕಳ ಕರು

ಬಾಯಿ ಕ್ಯಾನ್ಸರ್ ಗಡ್ಡೆ ಒಳಕ್ಕೆ ನುಗ್ಗುವ ಅಂಚಿನಲ್ಲಿ ಇ-ಕ್ಯಾಡೆರಿನ್ ಕಡಿಮೆಯಾಗುವುದು ಚೆನ್ನಾಗಿ ದಾಖಲಾಗಿರುವ ಸಂಗತಿ. ಮೇಣದ ಬ್ಲಾಕ್‌ನಿಂದ 4 ಮೈಕ್ರಾನ್ ತೆಳುವಿಗೆ ಕುಯ್ದು, ಝೈಲೀನ್‌ನಲ್ಲಿ ಮೇಣ ತೆಗೆದು, ಪಿಎಚ್ 9ರ ಟ್ರಿಸ್-ಇಡಿಟಿಎ ಬಫರ್‌ನಲ್ಲಿ 95-98 ಡಿಗ್ರಿಗೆ 20 ನಿಮಿಷ ಬೇಯಿಸಿ, ಅದೇ ಬಫರ್‌ನಲ್ಲಿ ಆರಿಸಬೇಕು. ಅಡುಗೆಮನೆಯ ಕುಕ್ಕರ್ ಇದಕ್ಕೆ ಚೆನ್ನಾಗಿ ಒದಗುತ್ತದೆ, ಆದರೆ ಒತ್ತಡದಲ್ಲಿ ಶಾಖ 100 ದಾಟುವುದರಿಂದ ಹೊತ್ತು ಕಡಿಮೆ ಮಾಡಬೇಕು. ಕುದಿಯುವ ಬಫರನ್ನು ತಣ್ಣೀರಿಗೆ ಬದಲಿಸಿದರೆ ತುಂಡು ಸ್ಲೈಡಿನಿಂದ ಎದ್ದು ಬರುತ್ತದೆ.

ಇಲ್ಲಿಯ ಮಾದರಿಗಳಲ್ಲಿ ಒಂದು ವಿಶೇಷ ತೊಡಕಿದೆ. ಅಡಿಕೆ, ಗುಟ್ಕಾದಿಂದ ಬಾಯಿಯ ಒಳಪದರ ಬಿಗಿಯುವ ಸಬ್‌ಮ್ಯೂಕಸ್ ಫೈಬ್ರೋಸಿಸ್ ಇದ್ದವರ ತುಂಡಿನಲ್ಲಿ ಕೊಲಾಜೆನ್ ತುಂಬಿರುತ್ತದೆ. ಕೊಲಾಜೆನ್, ಕೆರಾಟಿನ್, ಕೆಂಪು ರಕ್ತಕಣ ಇವೆಲ್ಲ ಯಾವ ಆ್ಯಂಟಿಬಾಡಿಯೂ ಇಲ್ಲದೆ ತಾವೇ ಹಸಿರಾಗಿ ಹೊಳೆಯುತ್ತವೆ. ಈ ತುಂಡುಗಳಿಗೆ ಹಸಿರು ಬಣ್ಣ ಆರಿಸಿಕೊಳ್ಳುವುದೇ ತಪ್ಪು. ಸೆಕೆಂಡರಿಯನ್ನು ಅಲೆಕ್ಸಾ 647ಕ್ಕೆ ಬದಲಿಸಿ. ಅಷ್ಟು ದೂರದ ಕೆಂಪಿನಲ್ಲಿ ಅಂಗಾಂಶದ ಸ್ವಂತ ಹೊಳಪು ತೀರಾ ಕಡಿಮೆ. ಎರಡು ಎಚ್ಚರಿಕೆ ಬೇಕು. ಅದು ಹೊಮ್ಮಿಸುವ 668 ನ್ಯಾನೋಮೀಟರ್ ಬೆಳಕು ಬರಿಗಣ್ಣಿಗೆ ಕಾಣುವುದಿಲ್ಲವೆನ್ನುವಷ್ಟು ಮಂದ, ಕ್ಯಾಮೆರಾ ಮಾತ್ರ ಹಿಡಿಯುತ್ತದೆ. ಐಪೀಸ್‌ನಲ್ಲಿ ಏನೂ ಕಾಣದೆ ಸ್ಲೈಡ್ ಎಸೆದುಬಿಡಬೇಡಿ. ಹಳೆಯ ಮರ್ಕ್ಯುರಿ ದೀಪದಲ್ಲಿ ಆ ಬಣ್ಣವನ್ನು ಎಬ್ಬಿಸುವ ಬೆಳಕೇ ಕಡಿಮೆ, ಕೆಂಪು ಎಲ್‌ಇಡಿ ಅಥವಾ ಲೇಸರ್ ಬೇಕು. ಹಸಿರೇ ಗತಿ ಎನ್ನುವವರು 70 ಶೇಕಡಾ ಆಲ್ಕೋಹಾಲ್‌ನಲ್ಲಿ 0.1 ಶೇಕಡಾ ಸುಡಾನ್ ಬ್ಲ್ಯಾಕ್ ಹಾಕಿ ಸ್ವಂತ ಹೊಳಪನ್ನು ಒಂದಿಷ್ಟು ತಗ್ಗಿಸಬಹುದು. ಅದೇ ತುಂಡಿನ ಬದಿಯಲ್ಲಿ ಉಳಿದಿರುವ ಆರೋಗ್ಯವಂತ ಪದರ ನಿಮ್ಮ ಪಾಸಿಟಿವ್ ಕಂಟ್ರೋಲ್. ಅಲ್ಲಿಯೇ ಗೆರೆ ಇಲ್ಲವೆಂದರೆ ಗಡ್ಡೆಯಲ್ಲಿ "ಇಲ್ಲ" ಎನ್ನುವಂತಿಲ್ಲ. ಫಾರ್ಮಲಿನ್‌ಗೆ ತಡವಾಗಿ ಬಿದ್ದ, ಅಥವಾ ಅದರಲ್ಲಿ ವಾರಗಟ್ಟಲೆ ಮರೆತುಹೋದ ತುಂಡು ಅದಾಗಿರಬಹುದು.

ಸಿಡಿ18ರ ಕಥೆ ಸಂಶೋಧನೆಯಿಂದ ನೇರವಾಗಿ ಮಂಚದ ಪಕ್ಕಕ್ಕೆ ಬರುತ್ತದೆ. ಈ ಪ್ರೋಟೀನ್ ಇಲ್ಲದೆ ಹುಟ್ಟಿದ ಮಗುವಿನ ಬಿಳಿಕಣಗಳು ರಕ್ತನಾಳದ ಗೋಡೆ ಹಿಡಿದು ಹೊರಗೆ ದಾಟಲಾರವು. ಹೊಕ್ಕಳಬಳ್ಳಿ ತಿಂಗಳಾದರೂ ಬೀಳುವುದಿಲ್ಲ, ಸೋಂಕು ಮೇಲಿಂದ ಮೇಲೆ, ಗಾಯದಲ್ಲಿ ಕೀವು ಇಲ್ಲ, ರಕ್ತದಲ್ಲಿ ಮಾತ್ರ ಬಿಳಿಕಣಗಳ ಸಂಖ್ಯೆ ವಿಪರೀತ. ತಂದೆ ತಾಯಿ ಇಬ್ಬರಲ್ಲೂ ದೋಷದ ಜೀನ್ ಇದ್ದಾಗ ಮಾತ್ರ ಬರುವ ಕಾಯಿಲೆಯಾದ್ದರಿಂದ ಸೋದರಮಾವ, ಅತ್ತೆಯ ಮಗನಂಥ ಹತ್ತಿರದ ಸಂಬಂಧದಲ್ಲಿ ಮದುವೆಯಾಗುವ ಸೀಮೆಯಲ್ಲಿ ವೈದ್ಯರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಂಡಿರಬೇಕು. 100 ಮೈಕ್ರೋಲೀಟರ್ ರಕ್ತಕ್ಕೆ ಬಣ್ಣ ಕಟ್ಟಿದ ಸಿಡಿ18 ಮತ್ತು ಅದರ ಜೋಡಿ ಸಿಡಿ11ಬಿ, ಇವೆರಡರ ಆ್ಯಂಟಿಬಾಡಿ ಹಾಕಿ, 20 ನಿಮಿಷ ಕತ್ತಲಲ್ಲಿಟ್ಟು, ಕೆಂಪು ಕಣ ಒಡೆದು, ತೊಳೆದು ಫ್ಲೋದಲ್ಲಿ ಓಡಿಸಿದರೆ ಉತ್ತರ ಸಿಗುತ್ತದೆ. ಆರೋಗ್ಯವಂತರಿಗೆ ಹೋಲಿಸಿದರೆ ಶೇಕಡಾ 2ಕ್ಕಿಂತ ಕಡಿಮೆ ಎಂದರೆ ತೀವ್ರ, 2ರಿಂದ 30 ಎಂದರೆ ಮಧ್ಯಮ ಬಗೆ.

ರಕ್ತ ಹೈದರಾಬಾದಿಗೋ ಬೆಂಗಳೂರಿಗೋ ಹೋಗುವುದಾದರೆ ಮಗುವಿನ ಟ್ಯೂಬಿನ ಜೊತೆಗೆ, ಅದೇ ಹೊತ್ತಿಗೆ ತೆಗೆದ ಸಂಬಂಧಿಕರಲ್ಲದ ಆರೋಗ್ಯವಂತರೊಬ್ಬರ ಟ್ಯೂಬನ್ನೂ ಅದೇ ಡಬ್ಬಿಯಲ್ಲಿ ಕಳಿಸಬೇಕು. ದಾರಿಯ ಬಿಸಿಲು ಎರಡಕ್ಕೂ ಒಂದೇ. ಆರೋಗ್ಯವಂತರ ಟ್ಯೂಬಿನಲ್ಲೂ ಸಿಡಿ18 ಕುಸಿದಿದ್ದರೆ ಕೆಟ್ಟದ್ದು ಪ್ರಯಾಣ, ಮಗುವಿನ ಜೀನ್ ಅಲ್ಲ. ಟ್ಯೂಬನ್ನು ಐಸ್‌ಗೆ ನೇರ ತಾಗಿಸಬಾರದು. ತಂಪಿನ ಪ್ಯಾಕ್‌ಗೆ ಬಟ್ಟೆ ಸುತ್ತಿ 18-25 ಡಿಗ್ರಿಯಲ್ಲಿ ಉಳಿಸಿ, 24 ಗಂಟೆಯೊಳಗೆ ತಲುಪಿಸಬೇಕು. ಸಿಡಿ18 ಇದೆ ಎಂದ ಮಾತ್ರಕ್ಕೆ ಅದು ಕೆಲಸ ಮಾಡುತ್ತದೆ ಎಂದಲ್ಲ. ಪ್ರೋಟೀನ್ ಮೇಲ್ಮೈಯಲ್ಲಿದ್ದೂ ಹಿಡಿಯಲಾರದ ಬಗೆಗಳಿವೆ, ಲಕ್ಷಣ ಬಲವಾಗಿದ್ದರೆ ಅಲ್ಲಿಗೆ ನಿಲ್ಲಿಸಬಾರದು.

ಹೋಲ್‌ಸ್ಟೀನ್ ಫ್ರೀಸಿಯನ್ ತಳಿಯ ಕರುಗಳಲ್ಲಿ ಇದೇ ಸಿಡಿ18ರ 128ನೇ ಅಮೈನೋ ಆಮ್ಲ ಬದಲಾಗಿ ಇದೇ ಕಾಯಿಲೆ ಬರುತ್ತದೆ. ಎಚ್‌ಎಫ್ ಮಿಶ್ರತಳಿ ಸಾಕುವವರಿಗೆ ಇದು ದೂರದ ಮಾತಲ್ಲ. ಹೋರಿ ದೋಷದ ಜೀನ್ ಹೊತ್ತಿದೆಯೇ ಎಂದು ನೋಡಲು ಪಿಸಿಆರ್ ಎಂಬ ಡಿಎನ್‌ಎ ಪರೀಕ್ಷೆ ಸಾಕು, ಅಗ್ಗವೂ ಹೌದು. ಆ್ಯಂಟಿಬಾಡಿ ಬೇಕಾಗುವುದು ಕರುವಿನ ಬಿಳಿಕಣದ ಮೇಲೆ ಪ್ರೋಟೀನ್ ಇದೆಯೇ ಎಂದು ನೋಡಲು. ಮನುಷ್ಯರಿಗೆಂದು ಮಾಡಿದ ಕ್ಲೋನ್ ಆಕಳನ್ನು ಹಿಡಿಯುತ್ತದೆ ಎಂದು ಊಹಿಸಬಾರದು. ಆಕಳಲ್ಲಿ ಪರೀಕ್ಷಿಸಿದ್ದು ಎಂದು ಬರೆದಿರುವುದನ್ನೇ ತರಿಸಿ, ಆರೋಗ್ಯವಂತ ಕರುವಿನ ಮೇಲೆ ಮೊದಲು ನೋಡಬೇಕು. ಆಡು, ಆಕಳ ಅಂಗಾಂಶದಲ್ಲಿ ಸೆಕೆಂಡರಿಯದ್ದೂ ಒಂದು ಬಲೆ ಇದೆ. ಆಡಿನಲ್ಲಿ ಮಾಡಿದ ಪ್ರೈಮರಿ ಬಳಸಿದರೆ, ಅದನ್ನು ಹಿಡಿಯುವ ಸೆಕೆಂಡರಿ ಆಡಿನ ಅಂಗಾಂಶದಲ್ಲಿರುವ ಸ್ವಂತ ಆ್ಯಂಟಿಬಾಡಿಗಳನ್ನೆಲ್ಲ ಹಿಡಿಯುತ್ತದೆ, ಆಕಳ ಆ್ಯಂಟಿಬಾಡಿಯನ್ನೂ ಬಿಡುವುದಿಲ್ಲ. ಆಕಳ ರಕ್ತದಿಂದ ಬಂದ ಬಿಎಸ್‌ಎಯಿಂದ ಬ್ಲಾಕ್ ಮಾಡಿದ್ದರೆ ಅದರಲ್ಲಿ ಉಳಿದ ಚೂರುಪಾರು ಆ್ಯಂಟಿಬಾಡಿಗೂ ಅಂಟುತ್ತದೆ. ಇಂಥ ಕಡೆ ಮೊಲದ ಪ್ರೈಮರಿ, ಕತ್ತೆಯಲ್ಲಿ ಮಾಡಿ ಆಡು-ಆಕಳಿಗೆ ಅಂಟದಂತೆ ಶೋಧಿಸಿದ ಸೆಕೆಂಡರಿ ಒಳ್ಳೆಯದು.

ಸೀಸೆ ಬಂದ ದಿನ

ಬುಕ್ ಮಾಡುವಾಗಲೇ ಸೋಮವಾರ ಅಥವಾ ಮಂಗಳವಾರ ಹೊರಡಿಸಲು ಹೇಳಿ. ಶುಕ್ರವಾರ ಹೊರಟ ಪಾರ್ಸೆಲ್ ಭಾನುವಾರ ಕೊರಿಯರ್ ಗೋದಾಮಿನ ತಗಡಿನ ಕೆಳಗೆ ಕಳೆಯುತ್ತದೆ. ಐಸ್ ಕರಗಿ ಬಂದ ಮಾತ್ರಕ್ಕೆ ಎಸೆಯಬೇಕಿಲ್ಲ. ಬಣ್ಣ ಕಟ್ಟದ ಆ್ಯಂಟಿಬಾಡಿ ಒಂದೆರಡು ದಿನದ ಶಾಖ ತಡೆಯುವುದುಂಟು, ಎಂಸಿಎಫ್-7ರ ಮೇಲೆ ಹಾಕಿ ನೋಡಿ ತೀರ್ಮಾನಿಸಿ. ಪಿಇ-ಸೈ7 ಥರದ ಜೋಡಿ ಬಣ್ಣಗಳ ಮಾತು ಬೇರೆ. ಶಾಖಕ್ಕೂ ಬೆಳಕಿಗೂ ಅವುಗಳ ಜೋಡಿ ಮುರಿಯುತ್ತದೆ, ಮುರಿದದ್ದು ಬರೀ ಪಿಇ ಆಗಿ ಹೊಳೆದು ಇಲ್ಲದ ಪ್ರೋಟೀನನ್ನು ಇದೆ ಎಂದು ತೋರಿಸುತ್ತದೆ. ಬೇಸಿಗೆಯಲ್ಲಿ ಇವನ್ನು ತರಿಸದಿರುವುದೇ ಲೇಸು.

ಬಣ್ಣ ಕಟ್ಟಿದವು 4 ಡಿಗ್ರಿಯಲ್ಲಿ, ಕತ್ತಲಲ್ಲಿ. ಪಿಇ, ಎಪಿಸಿ ಫ್ರೀಜರ್‌ಗೆ ಹೋದರೆ ಮುಗಿಯಿತು. ಬಣ್ಣವಿಲ್ಲದವನ್ನು 10 ಮೈಕ್ರೋಲೀಟರ್‌ನಂತೆ ಹಂಚಿ ಮೈನಸ್ 20ಕ್ಕೆ, ಒಮ್ಮೆ ಕರಗಿದ್ದನ್ನು ಮತ್ತೆ ಹೆಪ್ಪುಗಟ್ಟಿಸದೆ 4 ಡಿಗ್ರಿಯಲ್ಲೇ ಬಳಸಿ ಮುಗಿಸಬೇಕು. ತಾನೇ ಹಿಮ ಕರಗಿಸಿಕೊಳ್ಳುವ ಫ್ರಾಸ್ಟ್-ಫ್ರೀ ಫ್ರೀಜರ್ ಇದಕ್ಕೆ ಬೇಡ, ಅದು ಆಗಾಗ ಬಿಸಿಯಾಗುತ್ತದೆ. ಗರಿಷ್ಠ-ಕನಿಷ್ಠ ತೋರಿಸುವ ಸಣ್ಣ ಥರ್ಮಾಮೀಟರ್ ಫ್ರಿಜ್‌ನೊಳಗೆ ಇಡಿ, ರಾತ್ರಿ ಕರೆಂಟ್ ಹೋದದ್ದು ಬೆಳಿಗ್ಗೆ ಗೊತ್ತಾಗುತ್ತದೆ. ಸೀಸೆಯಲ್ಲಿ ಸೋಡಿಯಂ ಅಝೈಡ್ ಇದ್ದರೆ ಅದು ಜೀವಂತ ಕೋಶದ ಮೇಲೆ ದಿನಗಟ್ಟಲೆ ನಡೆಯುವ ಪ್ರಯೋಗಕ್ಕೆ ವಿಷ. ಕೋಶ ಬಿಡಿಬಿಡಿಯಾದದ್ದು ಆ್ಯಂಟಿಬಾಡಿಯಿಂದಲೋ ಅಝೈಡ್‌ನಿಂದಲೋ ತಿಳಿಯದೆ ಹೋಗುತ್ತದೆ.

ಹೊಸ ಸೀಸೆ ತೆರೆದ ಕೂಡಲೇ 1:50, 1:100, 1:200, 1:400, 1:800 ಹೀಗೆ ಐದು ಪ್ರಮಾಣಗಳಲ್ಲಿ ಎಂಸಿಎಫ್-7 ಮತ್ತು 231 ಎರಡರ ಮೇಲೂ ನೋಡಿ. ಎರಡರ ನಡುವಿನ ಅಂತರ ಎಲ್ಲಿ ಹೆಚ್ಚೋ ಅದೇ ನಿಮ್ಮ ಪ್ರಮಾಣ. ಕಂಪನಿ ಹೇಳಿದ್ದು ಶುರುವಿಗೊಂದು ಸುಳಿವು ಅಷ್ಟೇ. ಆಮೇಲೆ ನೋಟ್‌ಬುಕ್ಕಿನಲ್ಲಿ ಬರೆಯಿರಿ. ಹೀಗೆ: ಇ-ಕ್ಯಾಡೆರಿನ್, ಕ್ಲೋನ್ ಎಚ್‌ಇಸಿಡಿ-1, ಲಾಟ್ ಸಂಖ್ಯೆ, ಸೀಸೆ ತೆರೆದ ದಿನ, 1:200, 4 ಡಿಗ್ರಿ, 16 ಗಂಟೆ, ಎಕ್ಸ್‌ಪೋಷರ್ 180 ಮಿಲಿಸೆಕೆಂಡ್, 231ರಲ್ಲಿ ಗೆರೆ ಇಲ್ಲ, ಸೆಕೆಂಡರಿ ಹಾಕಿದಾಗ ಬೆಂಚಿನ ಮೇಲೆ 34 ಡಿಗ್ರಿ.